ತಾಳಿ ಕಟ್ಟೋಕೆ ಮುಂಚೆ ಸ್ವಲ್ಪ ತಾಳಿ

ಹೋದ ತಿಂಗಳು ಬೆಂಗಳೂರಿನಲ್ಲಿ ನಮ್ಮ ಅಣ್ಣನ ಮಗಳ ಮದುವೆಯಾಯಿತು. ನಾನು ನೋಡಲಿಲ್ಲ. ಮೊದಲ ಸಾಲಿನಲ್ಲೇ ಕೂತಿದ್ದೆ, ಆದರೆ ಮುಂದೆ ಐದು ಜನ ಕ್ಯಾಮೆರಾದವರ ಬೆನ್ನಿತ್ತು. ಗಟ್ಟಿಮೇಳ ಕೇಳಿದ ಕೂಡಲೇ ಅಕ್ಷತೆ ಎಸೆದೆ. ಮುಕ್ಕಾಲು ಪಾಲು ವಿಡಿಯೋ ಹುಡುಗನ ತಲೆಗೆ ಬಿತ್ತು. ಅವನಿಗಿನ್ನೂ ಮದುವೆಯಾಗಿಲ್ಲವಂತೆ. ಈ ವರ್ಷ ಆಗಬಹುದು.

ಐವರಲ್ಲಿ ಒಬ್ಬನ ಕೈಯಲ್ಲಿ ಹಳೇ ಕಾಲದ ಕ್ಯಾಮೆರಾ, ಒಳಗೆ ರೀಲು. "ಚಿಕ್ಕಪ್ಪ, ಇದು ಫಿಲ್ಮ್! ಈಗ ಇದೇ ಟ್ರೆಂಡ್. ಗ್ರೇನ್ ಬರುತ್ತೆ" ಎಂದಳು ಮದುಮಗಳು. ಗ್ರೇನ್ ಅಂದರೆ ಫೋಟೋ ಮೇಲೆ ರವೆ ಚೆಲ್ಲಿದ ಹಾಗೆ ಕಾಣುವುದು. 1994ರಲ್ಲಿ ನನ್ನ ಮದುವೆ ಆಲ್ಬಮ್ಮಿನಲ್ಲಿ ಅದು ಬಂದಿದ್ದಕ್ಕೆ ನಮ್ಮ ಮಾವ ಸ್ಟುಡಿಯೋದವನ ಬಿಲ್ಲಿನಲ್ಲಿ ಇನ್ನೂರು ರೂಪಾಯಿ ಮುರಿದುಕೊಂಡಿದ್ದರು. ಈಗ ಅದಕ್ಕೇ ಜಾಸ್ತಿ ದುಡ್ಡು.

ಆಗ ಒಂದು ರೀಲಿಗೆ 36 ಫೋಟೋ. ಹುಷಾರಾಗಿ ಸುತ್ತಿದರೆ 37. ಮೂರು ರೀಲಿನಲ್ಲಿ ಮದುವೆಯೂ ಆರತಕ್ಷತೆಯೂ ಮುಗಿಯಬೇಕು. "ನಮ್ದೊಂದು ತೆಗೀರಿ" ಎಂದು ಪೀಡಿಸುವ ನೆಂಟರಿಗೆ ಬರೀ ಫ್ಲ್ಯಾಷ್ ಹೊಡೆದು ಕಳಿಸುತ್ತಿದ್ದರು. ನನ್ನ ಸೋದರತ್ತೆ ಅವತ್ತು ಹನ್ನೊಂದು ಸಲ ಸೆರಗು ಸರಿಮಾಡಿಕೊಂಡು ನಿಂತಿದ್ದರು. ಆಲ್ಬಮ್ಮಿನಲ್ಲಿರುವುದು ಒಂದೇ ಕಡೆ, ಅದೂ ಪಾಯಸ ಸುರಿಯುವಾಗ. ಮಿಕ್ಕಿದ್ದು ಲ್ಯಾಬಿನಲ್ಲಿ ಹಾಳಾಯ್ತು ಎಂದು ಹೇಳಿ ನಾವು ಬಚಾವಾದೆವು.

ಈ ಫಿಲ್ಮ್ ಹುಡುಗನದು ಇನ್ನೂ ಅಗಲದ ರೀಲು. ಅದಕ್ಕೆ 120 ಅನ್ನುತ್ತಾರೆ. 120 ಫೋಟೋ ಇರಬೇಕು, ಪರವಾಗಿಲ್ವೇ ಅಂದುಕೊಂಡೆ. ಅವನ ಕ್ಯಾಮೆರಾದಲ್ಲಿ ಬರುವುದು 12.

ಅಂತರಪಟ ಸರಿಯಿತು. ಜೀರಿಗೆ-ಬೆಲ್ಲಕ್ಕೆ ನಾಲ್ಕು ಹೋಯಿತು. ಹಾರಕ್ಕೆ ಐದು. ಅಣ್ಣನ ಕಣ್ಣೀರಿಗೆ ಮೂರು. ಮಾಂಗಲ್ಯ ಮದುಮಗನ ಕೈಗೆ ಬರುವ ಹೊತ್ತಿಗೆ ರೀಲು ಖಾಲಿ.

"ತಾಳಿ, ತಾಳಿ!" ಎಂದು ಕಿರುಚಿದ ಹುಡುಗ.

"ಹೂಂ, ತಾಳಿ ಕಟ್ಟಪ್ಪ" ಎಂದರು ಪುರೋಹಿತರು.

"ಅಯ್ಯೋ, ಕಟ್ಬೇಡಿ! ತಾಳಿ!"

ಓಲಗದವರು ಶುರುಮಾಡಿದ ಗಟ್ಟಿಮೇಳವನ್ನು ಅರ್ಧಕ್ಕೆ ನುಂಗಿಕೊಂಡರು. ಹುಡುಗ ಮಂಟಪದ ಕಂಬಕ್ಕೆ ಒರಗಿ ಕೂತು ಮುಗಿದ ರೀಲನ್ನು ಹೊರಗೆ ತೆಗೆದ. ಅದರ ಕಾಗದದ ಪಟ್ಟಿಯನ್ನು ನಾಲಿಗೆಯಿಂದ ನೆಕ್ಕಿ ಅಂಟಿಸಿದ. ಪುರೋಹಿತರು ಅದನ್ನು ನೋಡಿಬಿಟ್ಟರು. "ಮಂಟಪದಲ್ಲಿ ಎಂಜಲು ಮಾಡ್ತೀಯೇನೋ!" ಅವನ ಕಿವಿಗೆ ಬಿದ್ದರೆ ತಾನೆ? ಹೊಸ ರೀಲಿನ ಬಾಣದ ಗುರುತನ್ನು ಕ್ಯಾಮೆರಾದ ಗುರುತಿಗೆ ಕೂಡಿಸುವುದರಲ್ಲಿ ಮುಳುಗಿದ್ದ. ಮದುಮಗ ದಾರ ಹಿಡಿದ ಕೈಯನ್ನು ಗಾಳಿಯಲ್ಲೇ ಇಟ್ಟುಕೊಂಡು ಟ್ರಾಫಿಕ್ ಪೊಲೀಸಿನ ಹಾಗೆ ನಿಂತಿದ್ದ.

"ಮುಹೂರ್ತ ಮೀರುತ್ತೆ" ಎಂದರು ಬೀಗಿತ್ತಿ.

"ಸುಮ್ನಿರಿ ಅಮ್ಮಾ, ಇವನಿಗೆ ಅಡ್ವಾನ್ಸ್ ಕೊಟ್ಟಾಗಿದೆ" ಎಂದ ಅಣ್ಣ. ಮುಹೂರ್ತಕ್ಕೆ ಯಾರೂ ಅಡ್ವಾನ್ಸ್ ಕೊಟ್ಟಿರಲಿಲ್ಲ ನೋಡಿ.

ಹೋದ ವಾರ ಫೋಟೋ ಬಂತು. ಆಲ್ಬಮ್ ಅಲ್ಲ, ಸ್ಕ್ಯಾನ್ ಮಾಡಿ ವಾಟ್ಸ್ಯಾಪಿಗೆ ಕಳಿಸಿದ್ದಾನೆ. ತಾಳಿ ಕಟ್ಟುವ ಫೋಟೋದಲ್ಲಿ ತಾಳಿಯ ಜಾಗಕ್ಕೆ ವಿಡಿಯೋ ಹುಡುಗನ ಮೊಣಕೈ ಬಂದಿದೆ. ಗ್ರೇನ್ ಚೆನ್ನಾಗಿದೆ.

ಸೋದರತ್ತೆ ಕನ್ನಡಕ ಏರಿಸಿಕೊಂಡು ನನ್ನ ಮೊಬೈಲಿನಲ್ಲಿ ಎಲ್ಲವನ್ನೂ ಎರಡೆರಡು ಸಲ ನೋಡಿದರು. ಒಂದರಲ್ಲೂ ಅವರಿಲ್ಲ. ಮೊಬೈಲ್ ವಾಪಸ್ ಕೊಡುತ್ತಾ ಕೇಳಿದರು: "ಇವನೂ ನಂಗೆ ಬರೀ ಲೈಟ್ ಹೊಡೆದು ಕಳಿಸಿದನೇನೋ?"