ಟೆಕ್ಸಸ್ ಚಿಗರಿ, ರಾಣೆಬೆನ್ನೂರು ಚಿಗರಿ

ನಾನಿರುವ ಟೆಕ್ಸಸ್‌ನ ಆಸ್ಟಿನ್ ಊರಿನಿಂದ ಪಶ್ಚಿಮಕ್ಕೆ ಎರಡು ತಾಸು ಹೋದರೆ ತಂತಿಬೇಲಿ ಆಚೆ ಚಿಗರಿ, ಅಂದರೆ ಕೃಷ್ಣಮೃಗ, ಮೇಯುವುದು ಕಾಣುತ್ತದೆ. ಅದೇ ಸುರುಳಿ ಕೊಂಬು, ಅದೇ ಕಪ್ಪು ಬೆನ್ನು. ಮೊದಲ ಸಲ ಕಂಡಾಗ ಕಾರು ನಿಲ್ಲಿಸಿ, 'ನಮ್ಮ ರಾಣೆಬೆನ್ನೂರಿನವು' ಎಂದು ಹೆಂಡತಿಗೆ ಹೇಳಿದೆ. 1932ರ ಸುಮಾರಿಗೆ ಇಲ್ಲಿ ತಂದು ಬಿಟ್ಟ ಕೃಷ್ಣಮೃಗಗಳ ಸಂತತಿ ಇದು. ಬೇಲಿಗೆ ತೂಗುಹಾಕಿದ್ದ ಫಲಕ ಆಮೇಲೆ ಕಣ್ಣಿಗೆ ಬಿತ್ತು. ಬೇಟೆಗೆ ಬರುವವರಿಗೆ ಸ್ವಾಗತ!

ಇಲ್ಲಿ ಚಿಗರಿ ಹೊರಗಿನ ಪ್ರಾಣಿ. ಹಾಗಾಗಿ ಬೇಟೆಗೆ ಇಂಥದೇ ತಿಂಗಳು, ಇಷ್ಟೇ ಸಂಖ್ಯೆ ಅಂತ ಕಟ್ಟುಪಾಡಿಲ್ಲ. ಲೈಸೆನ್ಸು, ಜಮೀನಿನವನ ಒಪ್ಪಿಗೆ, ಜೊತೆಗೆ ಸಾವಿರಾರು ಡಾಲರ್ ಇದ್ದರೆ ಸಾಕು. ಕೇಳಿ ಹೊಟ್ಟೆ ತೊಳಸಿತು.

ಫೋನಿನಲ್ಲಿ ಹೇಳಿದಾಗ ನಮ್ಮ ಕಾಕಾ ನಕ್ಕುಬಿಟ್ಟರು. 'ಅಲ್ಲೆ ಚಿಗರಿ ಇದ್ದಾವಗ ರೊಕ್ಕಾ ಬರ್ತೈತಿ, ಇಲ್ಲೆ ನನ್ನ ರೊಕ್ಕಾ ಹೊಕ್ಕೈತಿ' ಅಂದರು. ಅವರ ಹೊಲ ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದ ಮಗ್ಗುಲಲ್ಲೇ ಇದೆ. 119 ಚದರ ಕಿಲೋಮೀಟರಿನ ಆ ಅಭಯಾರಣ್ಯ 1974ರಲ್ಲಿ ಆಯಿತು. ಚಿಗರಿಗೆ ಬೇಕಾದದ್ದು ಬಯಲು ಹುಲ್ಲು. ಅಲ್ಲಿ ಹಿಂದೆ ನೆಟ್ಟದ್ದು ನೀಲಗಿರಿ. ಹೀಗಿರುವಾಗ ಗೋವಿನಜೋಳ ಎರಡೆಲೆ ಬಿಟ್ಟ ಹೊಲಕ್ಕೆ ಅವು ಬಾರದೆ ಇನ್ನೆಲ್ಲಿಗೆ ಹೋಗಬೇಕು?

1972ರ ವನ್ಯಜೀವಿ ಕಾಯ್ದೆಯ ಬಗ್ಗೆ ಕಾಕಾಗೆ ಗೊತ್ತಿರುವುದು ಒಂದೇ ಮಾತು: ಮುಟ್ಟಿದರೆ ಜೈಲು. ಬೆಳೆಹಾನಿಗೆ ಪರಿಹಾರ ಉಂಟು, ಅರ್ಜಿಗೆ ಏನೇನು ಲಗತ್ತಿಸಬೇಕು ಅನ್ನುವುದನ್ನು ಯಾರೂ ಹೇಳಿರಲಿಲ್ಲ. ಒಮ್ಮೆ ಕಚೇರಿಗೆ ಅಲೆದರು. ನೋಡಲು ಬರುವವರು ಬರುವಷ್ಟರಲ್ಲಿ ಎರಡನೇ ಬಿತ್ತನೆ ಮುಗಿದಿತ್ತು. 'ಹಾನಿ ಎಲ್ಲೈತಿ?' ಎಂದು ಕೇಳಿ ಹೋದರಂತೆ.

ಇಲ್ಲಿನ ಬಂದೂಕು ನಮಗೆ ಬೇಡ. ನನಗೆ ಹೊಟ್ಟೆಕಿಚ್ಚು ಇರುವುದು ಇಲ್ಲಿನ ನಿಯಮದ ಪುಸ್ತಕದ ಮೇಲೆ. ಸೆಪ್ಟೆಂಬರ್ 1ಕ್ಕೆ ಲೈಸೆನ್ಸಿನ ವರ್ಷ ಶುರು. ಬೇಟೆ, ಮೀನು ಎರಡರ ನಿಯಮವೂ ವರ್ಷವರ್ಷ ಹೊಸದಾಗಿ ಬರುತ್ತದೆ, ಈಗ ಫೋನಿನಲ್ಲೂ ಸಿಗುತ್ತದೆ. ದೊಡ್ಡಬಾಯಿ ಬಾಸ್ ಮೀನು ಸಾಮಾನ್ಯವಾಗಿ 14 ಇಂಚಿಗಿಂತ ಗಿಡ್ಡ ಇದ್ದರೆ ವಾಪಸ್ ಬಿಡಬೇಕು, ದಿನಕ್ಕೆ ಐದು ಮಾತ್ರ. ಅಳೆಯುವಾಗ ಮೀನಿನ ಬಾಯಿ ಮುಚ್ಚಿರಬೇಕು, ಬಾಲ ಒತ್ತಿ ಹಿಡಿಯಬೇಕು. ಇಷ್ಟು ಬಿಡಿಸಿ ಹೇಳುತ್ತಾರೆ! 17 ತುಂಬದ ನನ್ನ ಮಗನಿಗೆ ಮೀನು ಹಿಡಿಯಲು ಲೈಸೆನ್ಸೇ ಬೇಡ. ಕಳ್ಳಬೇಟೆ ಕಂಡರೆ ಹೇಳಲು ನಂಬರೂ ಇದೆ. ನನ್ನ ಮೊದಲ ಮೀನು 12 ಇಂಚು. ಪಕ್ಕದಲ್ಲಿದ್ದ ಮುದುಕ ಏನೂ ಮಾತಾಡದೆ ತನ್ನ ಅಳತೆಪಟ್ಟಿ ಮುಂದೆ ಚಾಚಿದ. ನಾನೂ ಸುಮ್ನೆ ನೀರಿಗೆ ಬಿಟ್ಟೆ.

ಊರಲ್ಲಿ ನಾವು ಮಾಡಿದ್ದು ನೆನಪಾಯ್ತು. ಮೊದಲ ಮಳೆಗೆ ಮೊಟ್ಟೆ ತುಂಬಿದ ಮೀನು ಹಳ್ಳ ಹತ್ತಿ ಬರುತ್ತಿದ್ದವು. ನಾವು ಹುಡುಗರು ಅಡ್ಡ ಪಂಜೆ ಹಿಡಿದು ಬಾಚುತ್ತಿದ್ದೆವು. ಬೇಡ ಅಂದವರು ಒಬ್ಬರೂ ಇಲ್ಲ. ಕೆರೆ ಯಾರಿಗೆ ಗುತ್ತಿಗೆ ಆಗಿದೆ, ಗಾಳ ಹಾಕಬಹುದಾ ಅನ್ನುವುದು ತಿಳಿಯುತ್ತಿದ್ದದ್ದು ಬೈಗುಳ ತಿಂದ ಮೇಲೆ.

ಇನ್ನು ದುಡ್ಡು. ಅಮೆರಿಕದಲ್ಲಿ 1937ರ ಒಂದು ಕಾನೂನಿದೆ. ಬೇಟೆಯ ಬಂದೂಕು, ಗುಂಡಿನ ಮೇಲೆ ಶೇ. 11 ತೆರಿಗೆ ಬೀಳುತ್ತದೆ, ಅದು ರಾಜ್ಯಗಳ ವನ್ಯಜೀವಿ ಕೆಲಸಕ್ಕೆ ಹೋಗುತ್ತದೆ. 1950ರಲ್ಲಿ ಮೀನು ಹಿಡಿಯುವ ಸಾಮಾನಿನ ತೆರಿಗೆಯನ್ನೂ ಇದೇ ದಾರಿಗೆ ತಂದರು. ಅಂದರೆ ಶಿಕಾರಿ ಮಾಡುವವನೇ ಕಾಡಿಗೂ ಕಾಸು ಬಿಚ್ಚಬೇಕು. ನಮ್ಮಲ್ಲಿ ಬಿಚ್ಚುವುದು ಕಾಕಾನ ಗೋವಿನಜೋಳ. ಬೇಟೆ ನಿಲ್ಲಿಸಿದ ದೇಶ ಅಂತ ನನಗೂ ಹೆಮ್ಮೆಯೇ. ಆದರೆ ಆ ಹೆಮ್ಮೆಯ ಖರ್ಚು ಗಡಿಹೊಲದ ರೈತನ ತಲೆಗೇ ಯಾಕೆ? ಹುಬ್ಬಳ್ಳಿ-ಧಾರವಾಡದವರು ಬಸ್ಸಿಗೆ 'ಚಿಗರಿ' ಅಂತ ಹೆಸರಿಟ್ಟು ಎಸಿಯಲ್ಲಿ ಕೂತು ಓಡಾಡುತ್ತಾರೆ. ಅವರಿಗೇನು, ಅಲ್ವಾ?

ಪರಿಹಾರದ ಮೊತ್ತ ಏರಿಸುವುದು ದೊಡ್ಡವರ ಕೆಲಸ. ಅದಕ್ಕೆ ಮುಂಚೆ ಅರಣ್ಯ ಇಲಾಖೆಯವರು ಒಂದು ಹಾಳೆ ಅಚ್ಚು ಹಾಕಿಸಲಿ. ಚಿಗರಿ ಬಂದರೆ ಏನು ಮಾಡಬಹುದು, ಏನು ಕೂಡದು, ಫೋಟೋ ಯಾವಾಗ ತೆಗೆಯಬೇಕು, ಪಹಣಿ ಎಲ್ಲಿ ಕೊಡಬೇಕು. ಪಂಚಾಯ್ತಿ ಗೋಡೆಗೆ ಅಂಟಿಸಲಿ, ಬೀಜದ ಅಂಗಡಿಯಲ್ಲಿ ಇಡಲಿ. ಅರಣ್ಯ ಇಲಾಖೆಗೆ 1926 ಅಂತ ಸಹಾಯವಾಣಿ ಇದೆ. ಕಾಕಾಗೆ ಅದನ್ನು ಹೇಳಿದವನು ನಾನು, ಅದೂ ಟೆಕ್ಸಸ್‌ನಿಂದ.

'ಇಂಥದೊಂದು ಹಾಳಿ ಕೊಟ್ರ ಓದ್ತೀರೇನು ಕಾಕಾ?' ಎಂದು ಕೇಳಿದೆ.

'ಓದೋದಿರಲಿ ತಮ್ಮಾ, ಆ ನಂಬರ್ ದಪ್ಪಗ ಬರಸು ಅನ್ನು. ಹೊಲಕ್ಕ ಚಸ್ಮಾ ಒಯ್ಯಾಂಗಿಲ್ಲ ನಾ.'