ಕುಳಿಗೆ ಗ್ಲೂ

ನಿನ್ನೆ ಉಂಗುರಕ್ಕೆ ಹರಳು ಕೂರಿಸಲು ಕೊಟ್ಟಿದ್ದ ಅಂಗಡಿಗೆ ಹೋಗಿದ್ದೆ. ಹಿಂದಿನ ಕೋಣೆಯಲ್ಲಿ ಒಬ್ಬ ಹುಡುಗ ಮೈಸೂರು ಕಡೆಯ ಸ್ಟಾರ್ ರೂಬಿ (ಗುಮ್ಮಟದ ಹಾಗೆ ಕೆತ್ತಿದ, ಬೆಳಕಿಗೆ ಹಿಡಿದರೆ ನಕ್ಷತ್ರ ತೋರಿಸುವ ಮಾಣಿಕ್ಯ) ಹಿಡಿದು ಕೂತಿದ್ದ. ಅದರ ನೆತ್ತಿಯಲ್ಲಿ ಸಾಸಿವೆಗಿಂತ ಸಣ್ಣ ಕುಳಿ. ಒಂದು ಹನಿ ಸೂಪರ್ ಗ್ಲೂ ಬಿಟ್ಟ, ಒಣಗಿಸಿದ, ಪಾಲಿಶ್ ಚಕ್ರಕ್ಕೆ ಎರಡು ಸಲ ಸವರಿದ. ಮುಗೀತು! "ಈಗ ನೋಡಿ ಸಾರ್, ಫಸ್ಟ್ ಕ್ಲಾಸ್" ಅಂದ. ನನಗೆ ಮೈ ಉರಿದುಹೋಯಿತು.

ನನ್ನ ಕಲ್ಲಿನ ಹುಚ್ಚು ನಿಮಗೆಲ್ಲ ಗೊತ್ತೇ ಇದೆ. ವಾಷಿಂಗ್ ಮೆಷಿನ್ ಜಾಗದಲ್ಲಿ ಸಾಣೆ ಚಕ್ರ ಕೂರಿಸಿದವನು ನಾನು. (ಆ ಬಗ್ಗೆ ಮನೆಯಲ್ಲಿ ದಿನಾ ಕೇಳುತ್ತಿದ್ದೇನೆ, ನೀವೂ ಶುರು ಮಾಡಬೇಡಿ.)

ಒದ್ದೆ ಕಲ್ಲು ಸುಳ್ಳು ಹೇಳುತ್ತದೆ. ನೀರು ಗೀರು, ಕುಳಿ ಎಲ್ಲವನ್ನೂ ತುಂಬಿ ಫಳಫಳ ಅನ್ನಿಸುತ್ತದೆ. ಒರೆಸಿ, ಒಣಗಿಸಿ, ಬಲ್ಬಿನ ಕೆಳಗೆ ಓರೆಯಾಗಿ ಹಿಡಿದಾಗಲೇ ಬಣ್ಣ ಬಯಲು. ಆಗ ಮನಸ್ಸು ಪುಸಲಾಯಿಸುತ್ತದೆ: 3000ದ ಗ್ರಿಟ್‌ನಲ್ಲಿ, ಅಂದರೆ ನುಣುಪು ಚಕ್ರದಲ್ಲಿ, ಇನ್ನೊಂಚೂರು ಉಜ್ಜು, ಹೋಗುತ್ತೆ. ಹೋಗಲ್ಲ! ಕುಳಿಯ ಅಂಚು ಇನ್ನಷ್ಟು ಮಿನುಗುತ್ತದೆ, ಅಷ್ಟೆ. ವಾಪಸ್ ಒರಟು ಚಕ್ರಕ್ಕೇ ಹೋಗಬೇಕು. ಅಲ್ಲೂ ಕುಳಿ ಇರುವಲ್ಲಿ ಮಾತ್ರ ಉಜ್ಜಿದರೆ ಗುಮ್ಮಟ ಚಪ್ಪಟೆಯಾಗಿ ನಕ್ಷತ್ರ ವಕ್ರವಾಗುತ್ತದೆ. ಇಡೀ ಗುಮ್ಮಟವನ್ನೇ ಕುಳಿಯ ತಳದವರೆಗೆ ಇಳಿಸಬೇಕು. ಮೋಸ್ ಪಟ್ಟಿಯಲ್ಲಿ ಈ ಕಲ್ಲಿನ ಗಡಸುತನ 9, ವಜ್ರದ ಮರುಮೆಟ್ಟಿಲು. ಭುಜ ಬಿದ್ದುಹೋಗುತ್ತದೆ. ಅದಕ್ಕೇ ತಾನೇ ಗ್ಲೂ!

ಕುಳಿಯನ್ನು ತಳಕ್ಕೆ ತಿರುಗಿಸಿ ಕೆತ್ತಬಹುದಲ್ವಾ ಅಂತ ಕೇಳಬೇಡಿ. ಅಕೀಕ್ ಕಲ್ಲಾದರೆ ಸರಿ. ಸ್ಟಾರ್ ರೂಬಿಯಲ್ಲಿ ನಕ್ಷತ್ರ ನೆತ್ತಿಯ ನಡುವೆಯೇ ಬರಬೇಕು, ಹಾಗಾಗಿ ತಳ ಎಲ್ಲಿ ಅಂತ ನಿರ್ಧಾರ ಮಾಡುವುದು ಹರಳೇ, ನಾವಲ್ಲ. ತಮಾಷೆ ಅಂದರೆ, ಆ ಆರು ಗೆರೆಯ ನಕ್ಷತ್ರ ಬರುವುದೇ ಕಲ್ಲಿನೊಳಗಿನ 'ದೋಷ'ದಿಂದ. ಕಣ್ಣಿಗೆ ಕಾಣದಷ್ಟು ಸಣ್ಣ, ರೂಟೈಲ್ ಅನ್ನೋ ಖನಿಜದ ಸೂಜಿಗಳು ಮೂರು ದಿಕ್ಕಿಗೆ ಸಾಲಾಗಿ ಮಲಗಿರುತ್ತವೆ. ಬೆಳಕು ಅವಕ್ಕೆ ಬಡಿದರೆ ನಕ್ಷತ್ರ. ಜ್ಯೋತಿಷಿಯ ಚೀಟಿ ಹಿಡಿದು "ಒಂದೂ ದೋಷ ಇರಬಾರದು" ಅಂತ ಬರುವವರಿಗೆ ಕಾರ್ಖಾನೆಯ ಸ್ಟಾರ್ ರೂಬಿ 1947ರಿಂದಲೂ ಇದೆ. ಸುಮ್ನೆ ಅದನ್ನೇ ತಗೊಳ್ಳಿ.

ಬಿರುಕು ಮುಚ್ಚಲು ಪಚ್ಚೆಗೆ ಎಣ್ಣೆ ಕುಡಿಸಲ್ವಾ, ಗ್ರಾನೈಟಿಗೆ ರೆಸಿನ್ ಹಾಕಲ್ವಾ ಅಂತ ಕಾಮೆಂಟಿಗೆ ಬರುತ್ತೀರಿ, ಗೊತ್ತು. ಹೇಳಿ ಮಾರಿ ಸ್ವಾಮಿ, ಯಾರು ಬೇಡ ಅಂದರು? ಗ್ಲೂ ಹಾಕಿದ್ದೇವೆ ಅಂತ ಬಿಲ್ಲಿನಲ್ಲಿ ಬರೆದಿದ್ದನ್ನು ನಾನಂತೂ ನೋಡಿಲ್ಲ. ಕುಳಿಯನ್ನು ಕುಳಿಯಾಗಿಯೇ ಬಿಟ್ಟು ಬೆಲೆ ಇಳಿಸಿದರೂ ಮರ್ಯಾದೆ ಇತ್ತು.

ಇಷ್ಟು ಕೂಗಾಡಿ ಇದೊಂದನ್ನು ಹೇಳದಿದ್ದರೆ ಉಂಡ ಅನ್ನ ಮೈಗೆ ಹತ್ತಲ್ಲ. ತಂಗಿಯ ಮದುವೆಗೆ ನಾನೇ ಒಂದು ಕಲ್ಲು ಮಾಡಿದ್ದೆ. ಕೊನೇ ಪಾಲಿಶ್‌ನಲ್ಲಿ ಕುಳಿ ಕಂಡಿತು. ಛತ್ರಕ್ಕೆ ಹೊರಡಲು ಎರಡೇ ದಿನ. ನಾನೂ ಗ್ಲೂ ಬಿಟ್ಟೆ. ಪಾತ್ರೆ ತೊಳೆದೂ ತೊಳೆದೂ ಎರಡು ವರ್ಷಕ್ಕೆ ಗ್ಲೂ ಕಿತ್ತುಬಂದು ಕುಳಿ ಕಂಡಿತು. "ನಾನೇ ಎಲ್ಲೋ ತಾಗಿಸಿಕೊಂಡೆ ಅನ್ಸುತ್ತೆ ಅಣ್ಣಾ" ಅಂದಳು.

"ಇನ್ಮೇಲೆ ಸ್ವಲ್ಪ ಹುಷಾರಾಗಿ ಇಟ್ಕೋ" ಅಂದೆ.