ನಮ್ಮ ಮನೆಯ ಬಂಗುಡೆ

ನಮ್ಮ ಮನೆಯಲ್ಲಿ ಮೀನು ಅಂತ ಇದ್ದದ್ದು ಒಂದೇ, ದೇವರ ಕೋಣೆಯ ದಶಾವತಾರದ ಪಟದಲ್ಲಿ. ಅದಕ್ಕೂ ಸೊಂಟದಿಂದ ಮೇಲೆ ಕಿರೀಟ, ನಾಲ್ಕು ಕೈ, ಶಂಖ, ಚಕ್ರ ಎಲ್ಲ ಇರುವುದರಿಂದ ಪೂರ್ತಿ ಮೀನು ಎನ್ನುವ ಹಾಗಿಲ್ಲ. ಕಾಸರಗೋಡಿನ ಬದಿಯಡ್ಕದಿಂದ ಸ್ವಲ್ಪ ಒಳಗೆ, ಅಡಿಕೆ ತೋಟದ ನಡುವಿನ ಮನೆ. ಸಾರಿಗೆ ನೀರುಳ್ಳಿ ಬಿದ್ದರೂ ಯಾಕೆ ಬಿತ್ತು ಎಂದು ವಿಚಾರಣೆ ನಡೆಯುವ ಮನೆ. ಅಲ್ಲಿ ಚಿತ್ರಕಲೆಯ ಮಾಷ್ಟ್ರಾಗಿ ನಿವೃತ್ತನಾದ ನಾನು ಮರದಲ್ಲಿ ಬಂಗುಡೆ ಕೆತ್ತುತ್ತೇನೆ ಎಂದಾಗ ಇವಳು ಕೇಳಿದ್ದು ಇಷ್ಟೇ: "ಗಿಳಿ ಆಗ್ಲಿಕ್ಕಿಲ್ವಾ?"

ಗಿಳಿಯನ್ನು ಯಾರು ಬೇಕಾದರೂ ಕೆತ್ತಬಹುದು. ಹಸಿರು ಬಳಿದು ಕೊಕ್ಕಿಗೆ ಕೆಂಪು ಇಟ್ಟರೆ ಅಂಗನವಾಡಿ ಮಗುವೂ ಗಿಳಿ ಎನ್ನುತ್ತದೆ. ಮೀನಿನ ಕೆತ್ತನೆ ಬೇರೆಯೇ ವಿದ್ಯೆ. ಅಮೆರಿಕದ ಮಿಷಿಗನ್, ಮಿನ್ನೆಸೋಟ ಕಡೆ ಚಳಿಗಾಲದಲ್ಲಿ ಕೆರೆಗಳು ಹೆಪ್ಪುಗಟ್ಟಿದಾಗ ಮಂಜುಗಡ್ಡೆಗೆ ತೂತು ಕೊರೆದು, ಒಳಗೆ ಮರದ ಮೀನೊಂದನ್ನು ದಾರದಲ್ಲಿ ಇಳಿಬಿಡುತ್ತಾರೆ. ಅದರ ಹೊಟ್ಟೆಯಲ್ಲಿ ಸೀಸ, ಪಕ್ಕಕ್ಕೆ ತಗಡಿನ ರೆಕ್ಕೆ. ದಾರ ಆಡಿಸಿದರೆ ನೀರಲ್ಲಿ ಸುತ್ತು ಹೊಡೆಯುತ್ತದೆ. ನೋಡಲು ಬಂದ ನಿಜವಾದ ಮೀನಿಗೆ ಮೇಲಿನಿಂದ ಈಟಿ. ಕ್ಯಾಡಿಲಾಕ್ ಎಂಬ ಊರಿನ ಆಸ್ಕರ್ ಪೀಟರ್ಸನ್ (1887–1951) ಇಂಥ ಮೀನುಗಳನ್ನು ಸಾವಿರಗಟ್ಟಲೆ ಕೆತ್ತಿದ. ಈಗ ಅವನ್ನು ಸಂಗ್ರಹಕಾರರು ಗಾಜಿನ ಕಪಾಟಿನಲ್ಲಿಡುತ್ತಾರೆ. ಇವತ್ತಿನ ಕೆತ್ತನೆಯವರಂತೂ ರೆಕ್ಕೆಯನ್ನು ಬೇರೆಯಾಗಿ ಮಾಡಿ ಕೂರಿಸಿ, ಅದರ ಗೆರೆಗಳನ್ನು ಬಿಸಿ ಮೊನೆಯಲ್ಲಿ ಸುಟ್ಟು, ಗಾಜಿನ ಕಣ್ಣು ಇಟ್ಟು, ವಿಶ್ವ ಚಾಂಪಿಯನ್‌ಶಿಪ್‌ಗೇ ಹೋಗುತ್ತಾರೆ. ಇದನ್ನೆಲ್ಲ ಇವಳಿಗೆ ವಿವರಿಸಿದೆ. "ಪಾಪದ ಮೀನಿಗೆ ಮೋಸ ಮಾಡ್ಲಿಕ್ಕೆ ಇಷ್ಟು ಓದಿದ್ದಾ?" ಎಂದಳು.

ಮರಕ್ಕಾಗಿ ಆಚಾರಿಯಲ್ಲಿ ಕೇಳಿದೆ. ಹಲಸು, ತೇಗ ಎರಡೂ ನಿಮ್ಮ ಕೈಗೆ ಬಗ್ಗುವುದಿಲ್ಲ, ಹಾಲೆ ಮರ ತಗೊಳ್ಳಿ ಎಂದ. ಹಾಲೆ ಮೆತ್ತಗೆ, ಹಗುರ, ಬಿಳಿ. ಹಿಂದೆ ಶಾಲೆ ಮಕ್ಕಳು ಬರೆಯುವ ಹಲಗೆಗೆ ಇದನ್ನು ಬಳಸುತ್ತಿದ್ದರಂತೆ. ಅದಕ್ಕೇ ಸಸ್ಯಶಾಸ್ತ್ರದಲ್ಲಿ ಅದರ ಹೆಸರು ಆಲ್ಸ್ಟೋನಿಯಾ ಸ್ಕೊಲಾರಿಸ್. ಮಾಷ್ಟ್ರಿಗೆ ಸರಿಯಾದ ಮರ. ತೊಂದರೆ ಏನೆಂದರೆ ಆಟಿ ಅಮಾವಾಸ್ಯೆಗೆ ನಾವು ಕಷಾಯ ಕುಡಿಯುವುದೂ ಇದರ ತೊಗಟೆಯದ್ದೇ. ಬೆಳಕು ಹರಿಯುವ ಮೊದಲು ಹೋಗಿ, ಕಬ್ಬಿಣ ತಾಗಿಸದೆ, ಕಲ್ಲಿನಲ್ಲಿ ಜಜ್ಜಿ ತೆಗೆಯಬೇಕು. ಆಚಾರಿ ಅಂಗಳದಲ್ಲಿ ಇಳಿಸಿದ ದಿಮ್ಮಿಯನ್ನು ನೋಡಿ ಅಮ್ಮ, "ಕಷಾಯಕ್ಕೆ ತೊಗಟೆ ಸಾಕಿತ್ತಲ್ವಾ ಮಗಾ, ಮರವನ್ನೇ ಯಾಕೆ ತಂದದ್ದು? ಆಟಿಗೆ ಇನ್ನೂ ದಿನ ಉಂಟಲ್ಲ" ಎಂದರು. ನಾನು ತಿದ್ದಲು ಹೋಗಲಿಲ್ಲ.

ಇನ್ನು ಮಾದರಿಗೆ ಒಂದು ಮೀನು ಬೇಕು. ಆಗ ಜೂನ್ ತಿಂಗಳು. ಕರ್ನಾಟಕದ ಟ್ರಾಲ್ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ರಜೆ. ಕೇರಳದಲ್ಲಿ ಜೂನ್ 9ರ ಮಧ್ಯರಾತ್ರಿಯಿಂದ 52 ದಿನ. ಗಡಿಯಲ್ಲಿರುವ ತಲಪಾಡಿಯ ಆಚೆಗೊಂದು ಕ್ಯಾಲೆಂಡರ್, ಈಚೆಗೊಂದು. ಬಂಗುಡೆಗಳು ಇದನ್ನು ಹೇಗೆ ನೆನಪಿಟ್ಟುಕೊಳ್ಳುತ್ತವೋ ದೇವರಿಗೇ ಗೊತ್ತು. ಏನಿದ್ದರೂ ಮೀನಿನ ರೇಟು ಆಗ ಆಕಾಶದಲ್ಲಿರುತ್ತದೆ.

ನಮ್ಮ ರಸ್ತೆಯಲ್ಲಿ ದಿನಾ ಸ್ಕೂಟರಿನಲ್ಲಿ ಮೀನು ತರುವ, ನಾವು ಇಚ್ಚ, ಅಂದರೆ ಅಣ್ಣ, ಎಂದು ಕರೆಯುವವರು ಒಬ್ಬರಿದ್ದಾರೆ. ಪೀಂ ಪೀಂ ಎಂದು ಊರಿಡೀ ಹಾರ್ನ್ ಹೊಡೆಯುತ್ತ ಬಂದು, ನಮ್ಮ ಗೇಟಿನ ಎದುರು ಮಾತ್ರ ನಿಲ್ಲಿಸಿ, ದಾಟಿದ ಮೇಲೆ ಪುನಃ ಶುರು ಮಾಡುವ ಮರ್ಯಾದಸ್ಥರು. ಅಂಥವರಿಗೆ ನಾನು ಕೈ ಅಡ್ಡ ಹಿಡಿದೆ.

"ಕಾಗದ ಉಂಟಾ ಮಾಷ್ಟ್ರೇ, ಪೇಟೆಗೆ ಕೊಡ್ಲಿಕ್ಕೆ?"

"ಇಲ್ಲ ಇಚ್ಚಾ, ಒಂದು ಬಂಗುಡೆ."

"ಒಂದು ಕಿಲೋ?"

"ಒಂದೇ ಒಂದು. ನೋಡ್ಲಿಕ್ಕೆ."

ಇಚ್ಚ ಹಿಂದೆ ಮುಂದೆ ನೋಡಿ, ದನಿ ತಗ್ಗಿಸಿ, "ನಾನು ಯಾರಿಗೂ ಹೇಳುವುದಿಲ್ಲ" ಎಂದರು. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗಿತ್ತು.

ಫ್ರಿಜ್ಜಿನ ಮಾತೆತ್ತುವ ಧೈರ್ಯ ನನಗಿರಲಿಲ್ಲ. ಅಡಿಕೆ ಸುಲಿಯುವ ಕೊಟ್ಟಿಗೆಯ ಮೂಲೆಯಲ್ಲಿ, ಇಚ್ಚ ಕೊಟ್ಟ ಥರ್ಮಾಕೋಲ್ ಪೆಟ್ಟಿಗೆಯಲ್ಲಿ, ಐಸಿನ ಮೇಲೆ ಮಾದರಿಯನ್ನು ಮಲಗಿಸಿದೆ. ಹತ್ತಿರದಿಂದ ನೋಡಿದರೆ ಬಂಗುಡೆ ಬಹಳ ಶಿಸ್ತಿನ ಜೀವಿ. ಬೆನ್ನಿನ ಮೇಲೆ ಎರಡು ರೆಕ್ಕೆ. ಎರಡನೆಯದರ ಹಿಂದೆ ಬಾಲದವರೆಗೆ ಸಾಲಾಗಿ ಐದು ಪುಟಾಣಿ ರೆಕ್ಕೆಗಳು, ಹೊಟ್ಟೆಯ ಕಡೆಯಲ್ಲೂ ಹಾಗೆಯೇ ಐದು. ಬೆನ್ನಲ್ಲಿ ಉದ್ದಕ್ಕೆ ಕಪ್ಪು ಗೆರೆಗಳು, ಎದೆಯ ರೆಕ್ಕೆಯ ಅಡಿಯಲ್ಲಿ ಒಂದು ಕಪ್ಪು ಬೊಟ್ಟು. ಮೇಲಿನಿಂದ ನೋಡಿದವರಿಗೆ ಬೆನ್ನು ಕಡಲಿನಲ್ಲಿ ಕರಗಬೇಕು, ಕೆಳಗಿನಿಂದ ನೋಡಿದವರಿಗೆ ಹೊಟ್ಟೆ ಬೆಳಕಿನಲ್ಲಿ ಕರಗಬೇಕು, ಅದಕ್ಕೆ ಮೇಲೆ ಕಪ್ಪು, ಕೆಳಗೆ ಬಿಳಿ. ನಮ್ಮ ಊರಲ್ಲಿ ವಾರಕ್ಕೆ ನಾಲ್ಕು ಸಲ ಬಂಗುಡೆ ತಿನ್ನುವವರನ್ನು ಪುಟ್ಟ ರೆಕ್ಕೆ ಎಷ್ಟೆಂದು ಕೇಳಿ ನೋಡಿದೆ. ಒಬ್ಬರಿಗೂ ಗೊತ್ತಿಲ್ಲ. ಮೆಣಸಿನ ಮಸಾಲೆ ಮೆತ್ತಿ ಕಾವಲಿಗೆ ಹಾಕಿದ ಮೇಲೆ ಅವು ಕಾಣುವುದೇ ಇಲ್ಲವಂತೆ.

ಮೈ ಕೆತ್ತುವುದು ಸುಲಭ. ಉಳಿ, ಅರ, ಸ್ಯಾಂಡ್ ಪೇಪರ್, ಬೆರಳಿಗೆ ಬ್ಯಾಂಡೇಜ್. ಪುಟ್ಟ ರೆಕ್ಕೆಗಳೇ ಜೀವ ತೆಗೆದವು. ಉಗುರಿನಷ್ಟೂ ಇಲ್ಲದ ಚೂರನ್ನು ಕೆತ್ತಿ, ರೇಡಿಯೋ ರಿಪೇರಿಯ ಕಾಲದ ಸೋಲ್ಡರಿಂಗ್ ಐರನ್‌ನಲ್ಲಿ ಗೆರೆ ಸುಟ್ಟು, ಫೆವಿಕಾಲ್ ಹಾಕಿ ಕೂರಿಸಿ ಉಸಿರು ಬಿಟ್ಟರೆ ಅದು ಆ ಉಸಿರಿಗೇ ಹಾರಿಹೋಗುತ್ತಿತ್ತು. ಈ ನಡುವೆ ಒಂದು ಬೆಳಿಗ್ಗೆ ಬೆಕ್ಕು ಪೆಟ್ಟಿಗೆ ಉರುಳಿಸಿ ಮಾದರಿಯನ್ನು ಕಚ್ಚಿಕೊಂಡು ಹೋಯಿತು. ಪಕ್ಕದಲ್ಲೇ ಇದ್ದ ಮರದ್ದನ್ನು ಮೂಸಿಯೂ ನೋಡಲಿಲ್ಲ. ಅದು ಹೋಗುವ ಹೊತ್ತಿಗೆ ಆ ಬಂಗುಡೆಗೆ ಎರಡು ದಿನ ದಾಟಿತ್ತು, ನನ್ನ ಅಳತೆ, ಚಿತ್ರ ಎಲ್ಲ ಮುಗಿದಿತ್ತು ಎಂಬುದೇ ಸಮಾಧಾನ.

ಮತ್ತೆ ಬಣ್ಣ. ಮೀನಿನ ಬೆಳ್ಳಿ ಅಸಲಿಗೆ ಬಣ್ಣವೇ ಅಲ್ಲವಂತೆ. ಚರ್ಮದೊಳಗೆ ಗ್ವಾನಿನ್ ಎಂಬ ವಸ್ತುವಿನ ಸಣ್ಣ ಹರಳುಗಳು ಪದರ ಪದರವಾಗಿ ಕೂತು ಬೆಳಕನ್ನು ಕನ್ನಡಿಯ ಹಾಗೆ ಹಿಂದೆ ಕಳಿಸುತ್ತವೆ. ನಾನು ಇದನ್ನು ಓದುವಷ್ಟರಲ್ಲಿ, ಗೇಟಿಗೆ ಬಳಿದು ಉಳಿದಿದ್ದ ಅಲ್ಯೂಮಿನಿಯಂ ಪೇಂಟು ಮೀನಿನ ಮೇಲೆ ಒಣಗಿ ಆಗಿತ್ತು. "ಈಗ ಇದನ್ನು ಗೇಟಿಗೇ ಸಿಕ್ಕಿಸಿಬಿಡಿ, ಗೊತ್ತೇ ಆಗುವುದಿಲ್ಲ" ಎಂದಳು ಇವಳು. ಕೆರೆದು ತೆಗೆದೆ. ಮುತ್ತಿನ ಹೊಳಪಿನ ಅಕ್ರಿಲಿಕ್ ಬಣ್ಣವನ್ನು ನೀರು ನೀರಾಗಿ, ಒಂದರ ಮೇಲೊಂದು ಹಚ್ಚಬೇಕು. ಹುರುಪೆ ಬರಬೇಕಾದರೆ ಮೈಗೆ ಸಣ್ಣ ಕಣ್ಣಿನ ಬಲೆಬಟ್ಟೆ ಬಿಗಿದು ಮೇಲಿನಿಂದ ಬಣ್ಣ ಸಿಂಪಡಿಸಬೇಕು. ಮನೆಯಲ್ಲಿದ್ದ ಬಲೆಬಟ್ಟೆ ಎಂದರೆ ಸೊಳ್ಳೆ ಪರದೆ. ಕಾಲಿನ ಕಡೆಯ ಮೂಲೆಯಲ್ಲಿ ಒಂದು ಅಂಗೈಯಗಲ ಕತ್ತರಿಸಿದೆ. ಹುರುಪೆ ಬಹಳ ಚಂದ ಬಂತು. ಜೂನ್ ತಿಂಗಳ ತೋಟದ ಸೊಳ್ಳೆಗಳೂ ಬಂದವು. ಇವಳು ನಡುರಾತ್ರಿ ಟಾರ್ಚ್ ಹಿಡಿದು ತೂತು ಹುಡುಕಿದಳು. ಸಿಕ್ಕ ತೂತು ಮೀನಿನ ಆಕಾರದಲ್ಲಿತ್ತು.

ನಮ್ಮ ಮಳೆಗಾಲದಲ್ಲಿ ಬಣ್ಣ ಒಣಗುವುದಿಲ್ಲ. ಬಚ್ಚಲ ಹಂಡೆಯ ಮೇಲೆ, ಒಲೆಯ ಶಾಖ ತಾಗುವಂತೆ, ಮೀನನ್ನು ತಂತಿಯಲ್ಲಿ ನೇತುಹಾಕಿದೆ. ಸ್ನಾನಕ್ಕೆ ಹೋದ ಅಮ್ಮ ಹೋದಷ್ಟೇ ಬೇಗ ಹೊರಗೆ ಬಂದು, "ಬಚ್ಚಲಲ್ಲಿ ಯಾರೋ ಒಣಮೀನು ಮಾಡ್ತಿದ್ದಾರೆ" ಎಂದರು. ಗಾಬರಿಯಲ್ಲಿ ಚೊಂಬು ತಾಗಿ ಮೀನು ಕೆಳಗೆ ಬಿದ್ದು, ಬೆನ್ನಿನ ಮೇಲಿನ ಐದು ಪುಟ್ಟ ರೆಕ್ಕೆಗಳಲ್ಲಿ ಒಂದು ಮುರಿದು ಬಚ್ಚಲ ನೀರಿನೊಟ್ಟಿಗೆ ತೋಟಕ್ಕೆ ಹೋಯಿತು. ಪುನಃ ಮಾಡಲಿಲ್ಲ. ಈ ಮನೆಯಲ್ಲಿ ಅದನ್ನು ಎಣಿಸುವವರು ಯಾರು?

ಫ್ಯಾನ್ಸಿ ಅಂಗಡಿಯ ಗಾಜಿನ ಮಣಿಗೆ ಹಿಂದಿನಿಂದ ಬಣ್ಣ ಕೊಟ್ಟು ಕಣ್ಣನ್ನೂ ಕೂರಿಸಿದ ಮೇಲೆ, ಗೇಟಿನಲ್ಲಿ ಕಾದು ನಿಂತು ಇಚ್ಚನಿಗೆ ತೋರಿಸಿದೆ. ಅವರು ಬೆರಳಿನಿಂದ ಹೊಟ್ಟೆ ಒತ್ತಿದರು. ಕಿವಿರು ಎತ್ತಲು ನೋಡಿದರು, ಬರಲಿಲ್ಲ.

"ಯಾವಾಗಿನದ್ದು?"

"ನಿನ್ನೆ ಮುಗಿಸಿದ್ದು."

"ಅದಲ್ಲ ಮಾಷ್ಟ್ರೇ, ಮೀನು ಯಾವಾಗಿನದ್ದು? ಕಣ್ಣು ಒಳಗೆ ಹೋಗಿದೆ, ಬಿಳಿ ಕಟ್ಟಿದೆ. ಎರಡು ದಿವಸದ ಮಾಲು ಇದು. ನಾನು ಇಂಥದ್ದು ಮಾರಿದ್ರೆ ಹೆಂಗಸರು ಮುಖಕ್ಕೆ ಎಸೀತಾರೆ."

ಮರದ ಮೀನು ಹಳಸಿದೆ ಎಂದು ಮೀನು ಮಾರುವವರೇ ಹೇಳಿದರೆ ಅದಕ್ಕಿಂತ ದೊಡ್ಡ ಪ್ರಶಸ್ತಿ ಬೇಕೆ? ನನಗಂತೂ ಸಂತೋಷವೇ ಆಯಿತು. ಇಚ್ಚನಿಗೆ ಮಾತ್ರ ಆಗಲಿಲ್ಲ. ಅವರ ಕೈಯಿಂದ ಹೋದ ಮೀನಿನ ಪ್ರತಿಮೆ ಹಳತಾಗಿ ಕಾಣುವುದು ಅವರ ಮಾನದ ಪ್ರಶ್ನೆ. ಮಾರನೆಯ ದಿನ ಬೆಳಗಿನ ಜಾವ ನನ್ನನ್ನು ಸ್ಕೂಟರಿನ ಹಿಂದೆ, ಖಾಲಿ ಪೆಟ್ಟಿಗೆಗೆ ಒರಗಿಸಿ ಕೂರಿಸಿಕೊಂಡು ಕುಂಬಳೆಯ ಕೊಯಿಪ್ಪಾಡಿ ಕಡಪ್ಪುರಕ್ಕೆ, ಅಂದರೆ ಕಡಲ ತೀರಕ್ಕೆ, ಕರೆದುಕೊಂಡು ಹೋದರು. ನಾಡದೋಣಿಯಲ್ಲಿ ಇನ್ನೂ ಹಾರುತ್ತಿದ್ದ ಬಂಗುಡೆಗಳನ್ನು ಕಂಡೆ. ಬೆನ್ನು ನೀಲಿಯೂ ಹೌದು, ಹಸಿರೂ ಹೌದು. ಪಕ್ಕೆಯಲ್ಲಿ ಎಳೆ ಚಿನ್ನದ ಗೆರೆ. ಕಣ್ಣು ಉಬ್ಬಿ, ಕರ್ರಗೆ, ತಿಳಿ. ಪೆನ್ಸಿಲ್ ತೆಗೆದು ಗೆರೆ ಎಳೆಯುವಷ್ಟರಲ್ಲಿ ಆ ಹಸಿರು ಇಳಿದು ಹೋಗಿತ್ತು. ಅಂಗಡಿಯಲ್ಲಿ ನಾವು ಕಾಣುವುದು ಉಳಿದದ್ದನ್ನು ಮಾತ್ರ. ಬರುವಾಗ ಸೀತಾಂಗೋಳಿಯಲ್ಲಿ ಬಸ್ಸಿಗೆ ಕಾದಿದ್ದ ನಮ್ಮ ಊರಿನವರು ಮೀನಿನ ಸ್ಕೂಟರಿನಲ್ಲಿ ನನ್ನನ್ನು ನೋಡಿ ಕೈ ಬೀಸಿದರು. ನಾನೂ ಬೀಸಿದೆ. ಇನ್ನು ಮುಚ್ಚಿಡುವುದು ಏನಿತ್ತು?

ಹೊಸ ಮಣಿ, ಹೊಸ ಬಣ್ಣ ಆಯಿತು. ಇಚ್ಚ ಒಪ್ಪಿದರು. ಬಂಗುಡೆ ಈಗ ಚಾವಡಿಯ ಷೋಕೇಸಿನಲ್ಲಿ, ನನ್ನ ನಿವೃತ್ತಿಯ ಫಲಕದ ಪಕ್ಕದಲ್ಲಿದೆ. ಬಂದವರು ಕೇಳಿದರೆ ಇವಳು "ಮತ್ಸ್ಯಾವತಾರ" ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾಳೆ.

ಮೊನ್ನೆ ಇವಳ ಅಣ್ಣ ಬಂದಿದ್ದರು. ಬೇಕರಿಯ ಕೇಕಿನಲ್ಲಿ ಮೊಟ್ಟೆ ಇರಬಹುದೆಂದು ಬ್ರೆಡ್ಡನ್ನೂ ಬಿಟ್ಟ ಕಟ್ಟುನಿಟ್ಟಿನ ಭಾವ. ಷೋಕೇಸು ತೆರೆದು ಮೀನನ್ನು ಕೈಯಲ್ಲಿ ಹಿಡಿದು ಹೊರಳಿಸಿ ನೋಡಿದರು.

"ಬಂಗುಡೆ ಅಲ್ವಾ ಭಾವ? ಲಾಯ್ಕ ಆಗಿದೆ. ಆದ್ರೆ ಬಾಲದ ಹತ್ರ ಐದಿರ್ಬೇಕು, ನಾಲ್ಕೇ ಉಂಟಲ್ಲ?"

ಕಾಫಿ ತಂದ ಇವಳು ಬಾಗಿಲಲ್ಲೇ ನಿಂತಳು. ಭಾವನಿಗೆ ಅದು ಗೊತ್ತಾಯಿತು.

"ಅಲ್ಲ, ಮಂಗಳೂರಲ್ಲಿ ಕಾಲೇಜಿಗೆ ಹೋಗ್ವಾಗ ಹೋಟ್ಲಲ್ಲಿ ಎದುರು ಕೂತವರ ತಟ್ಟೆಯಲ್ಲಿ ನೋಡಿದ್ದು."

"ಹುರಿದದ್ದರಲ್ಲಿ ಅದು ಕಾಣುವುದಿಲ್ಲವಂತೆ ಭಾವ" ಎಂದೆ.